ಕ್ಯಾಂಪಿಂಗ್ ಪ್ರವಾಸಕ್ಕೆ ಸೆಕೆಂಡ್ ಹ್ಯಾಂಡ್ ಪಿಕಪ್ ಕೊಳ್ಳುವುದಾದರೆ ಹಳೇ ಮಹೀಂದ್ರಾ ಗೆಟ್‌ಅವೇನಾ, ಟಾಟಾ ಝೆನಾನಾ?

ಎರಡೂ ಡೀಸೆಲ್ ಪಿಕಪ್, ಎರಡಕ್ಕೂ ಹಿಂದೆ ಲೀಫ್ ಸ್ಪ್ರಿಂಗ್, ಅಂದರೆ ಭಾರ ಹೊರುವ ಉಕ್ಕಿನ ಪಟ್ಟಿಗಳು. ಹುಡುಕಿದರೆ ಎರಡರಲ್ಲೂ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ) ಸಿಗುತ್ತದೆ.

ಮಹೀಂದ್ರಾ ಗೆಟ್‌ಅವೇ ಅಂದರೆ ಬೆನ್ನಿಗೆ ತೊಟ್ಟಿ ಕಟ್ಟಿಕೊಂಡ ಸ್ಕಾರ್ಪಿಯೊ, ಅಷ್ಟೇ. ಹಿಮಾಚಲದ ಸ್ಪಿತಿ ದಾರಿಯಲ್ಲಿ ಕೈಕೊಟ್ಟರೂ ಸ್ಕಾರ್ಪಿಯೊ ಬಿಚ್ಚಿ ಜೋಡಿಸಿದ ಮೆಕ್ಯಾನಿಕ್ ಹತ್ತಿರದ ಊರಲ್ಲಿ ಸಿಕ್ಕೇ ಸಿಗುತ್ತಾನೆ. ಟಾಟಾ ಝೆನಾನ್‌ನ 2.2 ಲೀಟರ್ ಡೈಕಾರ್ ಎಂಜಿನ್ ಸಫಾರಿಯಲ್ಲೂ ಇತ್ತು, ಅದರ ಚಿಂತೆ ಕಡಿಮೆ. ಆದರೆ ಬಾಗಿಲು, ಲೈಟು, ಬಂಪರ್ ಹುಡುಕುವಾಗ ಸಾಕುಸಾಕಾಗುತ್ತದೆ.

ನನ್ನ ಓಟು ಗೆಟ್‌ಅವೇಗೆ. ಯಾವುದೇ ಆಗಲಿ, ಮೊದಲು ಗಾಡಿ ಕೆಳಗೆ ಮಲಗಿ ಚಾಸಿ (ಅಡಿಯ ಉಕ್ಕಿನ ಚೌಕಟ್ಟು) ನೋಡಿ. ಕರಾವಳಿಯಲ್ಲಿ ಓಡಿದ್ದಾದರೆ ತುಕ್ಕು ಜಾಸ್ತಿ. ಪೇಂಟು, ಟೆಂಟು ಎಲ್ಲ ಆಮೇಲೆ, ಅಲ್ವಾ? ಬಿಳಿ ಬೋರ್ಡಿನ ಗಾಡಿಗೆ 15 ವರ್ಷ ದಾಟಿದ್ದರೆ 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಬೇಕು. ತೊಟ್ಟಿಗೆ ಕ್ಯಾಂಪರ್ (ಮಲಗುವ ಗೂಡು) ಕಾಯಂ ಕೂರಿಸುವ ಮುಂಚೆ ಆರ್‌ಟಿಓದಲ್ಲಿ ಕೇಳಿ.