ಥಂಡರ್‌ಬರ್ಡ್‌ಗೆ ‘ಲೈಸೆನ್ಸ್ ಮುಗಿದಿದೆ’ ಅಂದರೆ ದುಡ್ಡು ಬಿಚ್ಚಬೇಡಿ

ಶಿರಸಿ ಕಡೆಯವರು ದಯವಿಟ್ಟು ಓದಿ. ಕಂಪ್ಯೂಟರಿನಲ್ಲಿ ಇ-ಮೇಲ್ ಇಳಿಸಿ ಓದುವ ಥಂಡರ್‌ಬರ್ಡ್ ಅನ್ನುವ ಪ್ರೋಗ್ರಾಂ ಪುಕ್ಕಟೆ. 2004ರಲ್ಲಿ 1.0 ಬಂದಾಗಲೂ ಪುಕ್ಕಟೆ, ಈಗಲೂ ಪುಕ್ಕಟೆ. ಲೈಸೆನ್ಸ್ ಫೀ ಅನ್ನುವುದೇ ಇಲ್ಲ. ಆ ಇಲ್ಲದ ಫೀಗೆ ನನ್ನಿಂದ 1,800 ರೂಪಾಯಿ ಕಿತ್ತುಕೊಂಡಿದ್ದಾರೆ.

ನನ್ನದು ಅಡಿಕೆ ವ್ಯಾಪಾರ. ಬಿಲ್ಲು, ಜಿಎಸ್‌ಟಿ ಕಾಗದ ಎಲ್ಲ ಮೇಲ್‌ನಲ್ಲೇ ಬರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ನೆಟ್ ಯಾವಾಗ ಬಂದೀತು ಹೇಳುವ ಹಾಗಿಲ್ಲ, ಅದಕ್ಕೇ ಥಂಡರ್‌ಬರ್ಡ್‌ನಲ್ಲಿ ಮೇಲ್ ಕಂಪ್ಯೂಟರಿಗೇ ಇಳಿಸಿ ಇಟ್ಟುಕೊಳ್ಳುತ್ತೇನೆ. ಇದರಲ್ಲಿ ಮೇಲ್ ಡಿಲೀಟ್ ಮಾಡಿದ ಮಾತ್ರಕ್ಕೆ ಡಿಸ್ಕಿನಲ್ಲಿ ಜಾಗ ಬಿಡುವುದಿಲ್ಲ, ಫೋಲ್ಡರ್ ಕಾಂಪ್ಯಾಕ್ಟ್ ಮಾಡಬೇಕು. ಫೈಲ್ ಮೆನುವಿನಲ್ಲಿ ಆ ಆಪ್ಷನ್ನೇ ಒಂದು ದಿನ ಮಸುಕಾಗಿ ಕೂತಿತು. ಒತ್ತಿದರೆ ಉಹೂಂ. ಮೇಲಿನದು ಕೆಳಗಿನದು ಎಲ್ಲ ಸರಿ ಇದೆ, ಅದೊಂದೇ ಬಂದ್.

ಪೇಟೆಯ ಒಂದು ರಿಪೇರಿ ಅಂಗಡಿಗೆ ಸಿಪಿಯು ಹೊತ್ತುಕೊಂಡು ಹೋದೆ. “ಹೆಗಡೇರೇ, ಲೈಸೆನ್ಸ್ ಮುಗಿದಿದೆ. ದುಡ್ಡು ಕಟ್ಟದಿದ್ರೆ ಒಂದೊಂದೇ ಆಪ್ಷನ್ ಬಂದ್ ಮಾಡ್ತಾ ಬರ್ತಾರೆ” ಅಂದ. ಎಷ್ಟು ಧೈರ್ಯ ನೋಡಿ! ಸ್ಕ್ರೀನ್ ತನ್ನ ಕಡೆ ತಿರುಗಿಸಿಕೊಂಡ, ಏನೋ ಒತ್ತಿದ, ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆದ. ಆಪ್ಷನ್ ಬಂತು! ಆದರೆ ಮೇಲಿನ ಸಾಲಿನಲ್ಲಿ ನಾನು ದಿನಾ ಒತ್ತುವ ಆಡ್-ಆನ್ (ಪ್ರೋಗ್ರಾಂಗೆ ಮೇಲಿಂದ ಸೇರಿಸಿಕೊಳ್ಳುವ ಸಣ್ಣ ಸೌಲಭ್ಯ) ಬಟನ್ ಕಾಣಲಿಲ್ಲ. ಕೇಳಿದೆ. “ಹೊಸ ಲೈಸೆನ್ಸಲ್ಲಿ ಹಾಗೇ ಬರೂದು” ಅಂದ.

ಹಾಗೇ ಬರೂದಂತೆ!

ಮನೆಗೆ ತಂದು ಹಚ್ಚಿದರೆ ಬಟನ್ ವಾಪಸ್, ಆಪ್ಷನ್ ಮತ್ತೆ ಮಸುಕು. ಫೋನ್ ಮಾಡಿದೆ. ಮೊದಲು “ನಿಮ್ಮಲ್ಲಿ ನೆಟ್ ಸ್ಲೋ ಇರ್ಬೇಕು” ಅಂದ. ಆಮೇಲೆ “ವೈರಸ್ ಇರ್ಬೇಕು, ತನ್ನಿ, ಫಾರ್ಮ್ಯಾಟ್ ಹೊಡೆದು ಕೊಡ್ತೇನೆ, 800 ಜಾಸ್ತಿ ಆಗ್ತದೆ.” ಫಾರ್ಮ್ಯಾಟ್! ನನ್ನ ಹಳೇ ಮೇಲ್ ಸರ್ವರಿನಲ್ಲಿ ಇಲ್ಲ, ಇರುವುದೆಲ್ಲ ಆ ಡಿಸ್ಕಿನಲ್ಲೇ. ಒಂದು ಮೆನು ಆಪ್ಷನ್ನಿಗೆ ಅಷ್ಟೂ ವರ್ಷದ ಲೆಕ್ಕ ಒರೆಸಲು ಹೊರಟಿದ್ದ ಮಹಾನುಭಾವ.

ಅಷ್ಟರಲ್ಲಿ ಮಗಳು ಬೆಂಗಳೂರಿನಿಂದ ಬಂದಳು. ಹೆಲ್ಪ್ ಮೆನುವಿನಲ್ಲಿ ಟ್ರಬಲ್‌ಶೂಟ್ ಮೋಡ್ ಅಂತ ಇದೆ. ಅದನ್ನು ಒತ್ತಿದರೆ ಆಡ್-ಆನ್‌ಗಳನ್ನೆಲ್ಲ ತಾತ್ಕಾಲಿಕವಾಗಿ ಬಿಟ್ಟು ಪ್ರೋಗ್ರಾಂ ಮತ್ತೆ ತೆರೆಯುತ್ತದೆ. ಒತ್ತಿದಳು. ಆಪ್ಷನ್ ಬಂತು, ಬಟನ್ ಹೋಯಿತು. ಅಂಗಡಿಯಲ್ಲಿ ಕಂಡದ್ದೂ ತದ್ವತ್ ಇದೇ! ಆ ಹಳೇ ಆಡ್-ಆನ್ ಕಿತಾಪತಿ ಅಂತ ಅವನಿಗೆ ಗೊತ್ತಿತ್ತು, ಗೊತ್ತಿದ್ದೇ ದುಡ್ಡು ಎಣಿಸಿಕೊಂಡ. ಮಗಳು ಆ ಆಡ್-ಆನ್ ಆಫ್ ಮಾಡಿದಳು, ಮುಗೀತು. “ಅಪ್ಪಯ್ಯಾ, ಇದಕ್ಕೆ ಲೈಸೆನ್ಸಾ?” ಅಂತ ಬಿದ್ದು ಬಿದ್ದು ನಕ್ಕಳು. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ದುಡ್ಡು ವಾಪಸ್ ಕೇಳಲು ಹೋದರೆ “ಲೈಸೆನ್ಸ್ ಅಂತ ನಾನು ಹೇಳೇ ಇಲ್ಲ, ಸರ್ವಿಸ್ ಚಾರ್ಜ್ ಅಂದಿದ್ದು” ಅಂತಾನೆ. ಅವನದೇ ಕೈಬರಹದ ಚೀಟಿ ನನ್ನ ಹತ್ತಿರ ಇದೆ, “ಥಂಡರ್‌ಬರ್ಡ್ ಲೈಸೆನ್ಸ್ 1 ವರ್ಷ” ಅಂತ ಬರೆದದ್ದು. ತೋರಿಸಿದೆ. “ಅದು ಹುಡುಗ ಬರೆದಿದ್ದು” ಅಂದ. ಅಂಗಡಿಯಲ್ಲಿ ಹುಡುಗನೇ ಇಲ್ಲ ಮಾರಾಯ್ರೇ!

ಯಾವುದಾದರೂ ಆಪ್ಷನ್ ಮಸುಕಾದರೆ ಮೊದಲು ಆ ಟ್ರಬಲ್‌ಶೂಟ್ ಮೋಡ್ ಒತ್ತಿ ನೋಡಿ. ಸಿಪಿಯು ಅಂಗಡಿಗೆ ಕೊಡಲೇಬೇಕಾದರೆ ಥಂಡರ್‌ಬರ್ಡಿನ ಪ್ರೊಫೈಲ್ ಫೋಲ್ಡರನ್ನು (ಇಳಿಸಿದ ಮೇಲ್ ಎಲ್ಲ ಇರುವುದು ಅದರಲ್ಲೇ) ಪೆನ್‌ಡ್ರೈವಿಗೆ ಹಾಕಿಟ್ಟುಕೊಂಡು ಕೊಡಿ. ಚೀಟಿ ಬರೆಸಿಕೊಳ್ಳಿ, ಸಹಿ ಸಮೇತ.