ಬೇ ಏರಿಯಾದ ಮೆಲ್ಲೋ-ರೂಸ್: ರಸ್ತೆ, ಪಾರ್ಕಿಗೆ ಕಟ್ಟುವ ದುಡ್ಡು ತಕ್ಕದ್ದೇ?

ಸ್ಯಾನ್ ಹೊಸೆ, ಫ್ರೀಮಾಂಟ್ ಸುತ್ತ ಹೊಸ ಮನೆ ನೋಡುವ ಕನ್ನಡಿಗರು ಶಾಲೆಯ ರೇಟಿಂಗ್ ವಿಚಾರಿಸುತ್ತಾರೆ, ಬಡ್ಡಿ ದರ ವಿಚಾರಿಸುತ್ತಾರೆ. ಆಸ್ತಿ ತೆರಿಗೆ ಬಿಲ್ಲಿನ ಕೆಳಭಾಗ ಓದುವವರು ಕಡಿಮೆ. ಮೇಲೆ ಇರುವುದು ಮೌಲ್ಯದ 1% ಮೂಲ ತೆರಿಗೆ ಮತ್ತು ಮತದಾರರು ಒಪ್ಪಿದ ಬಾಂಡ್‌ಗಳ ಪಾಲು. ಮೆಲ್ಲೋ-ರೂಸ್ ಕೂತಿರುವುದು ಕೆಳಗಿನ ಸಾಲುಗಳಲ್ಲಿ. ಕ್ಯಾಲಿಫೋರ್ನಿಯಾದ 1982ರ ಕಾನೂನಿನಡಿ ಬಡಾವಣೆಯ ರಸ್ತೆ, ಒಳಚರಂಡಿ, ಪಾರ್ಕು, ಶಾಲೆಗಾಗಿ ಎತ್ತಿದ ಸಾಲವನ್ನು ಅಲ್ಲಿನ ಮನೆಗಳೇ ತೀರಿಸುವ ಏರ್ಪಾಡು ಇದು.

'ಚಾರ್ಟರ್ ಸಿಟಿ, ಅಂದರೆ ತನ್ನದೇ ಮೂಲ ನಿಯಮಾವಳಿ ಇರುವ ಊರಾದರೆ ಕೌನ್ಸಿಲ್ ಬೇಕಾದಷ್ಟು ತೆರಿಗೆ ಹಾಕಬಹುದು' ಅನ್ನುವ ಭಯ ಸರಿಯಲ್ಲ. ಸ್ಯಾನ್ ಹೊಸೆ, ಸನಿವೇಲ್‌ಗೆ ಸ್ವಂತ ಚಾರ್ಟರ್ ಇದೆ. ಕುಪರ್ಟಿನೋ, ಫ್ರೀಮಾಂಟ್, ಮಿಲ್ಪಿಟಾಸ್ ರಾಜ್ಯದ ಸಾಮಾನ್ಯ ಕಾನೂನಿನಡಿ ನಡೆಯುತ್ತವೆ. ರಾಜ್ಯದ ಮತದಾರರು 1996ರಲ್ಲಿ ಒಪ್ಪಿದ ಪ್ರೊಪೊಸಿಷನ್ 218 ಎಂಬ ನಿಯಮ ಎರಡೂ ಬಗೆಯ ಊರುಗಳನ್ನು ಕಟ್ಟಿಹಾಕಿದೆ. ಬೀದಿದೀಪಕ್ಕೋ ಕಾಲುದಾರಿಗೋ ಹೊಸ ಅಸೆಸ್‌ಮೆಂಟ್ (ಆಸ್ತಿಗಳ ಮೇಲಿನ ಶುಲ್ಕ) ಬೇಕಿದ್ದರೆ ಎಂಜಿನಿಯರ್ ವರದಿ ಬೇಕು, ಸಾರ್ವಜನಿಕ ಸಭೆಗೆ 45 ದಿನ ಮುಂಚೆ ಅಂಚೆಯಲ್ಲಿ ನೋಟಿಸು ಮತ್ತು ಮತಪತ್ರ ಬರಬೇಕು. ಕಟ್ಟಬೇಕಾದ ಮೊತ್ತ ಎಷ್ಟೋ ಮತದ ತೂಕ ಅಷ್ಟು. ವಾಪಸು ಬಂದ ಮತಗಳನ್ನು ಮಾತ್ರ ಎಣಿಸುತ್ತಾರೆ. ಲಕೋಟೆಯನ್ನು ಜಾಹೀರಾತು ಎಂದು ಬಿಸಾಡಿದರೆ ನಿಮ್ಮ ವಿರೋಧ ಲೆಕ್ಕಕ್ಕಿಲ್ಲ.

ಚಾರ್ಟರ್ ನಿಜವಾಗಿ ಕೈಗೆ ತಟ್ಟುವುದು ಮನೆ ಕೈ ಬದಲಾಗುವ ದಿನ. ಸಾಮಾನ್ಯ ಕಾನೂನಿನ ಊರಿನಲ್ಲಿ ವರ್ಗಾವಣೆ ತೆರಿಗೆ ಕೌಂಟಿಯದೂ ಸೇರಿ 1,000 ಡಾಲರಿಗೆ 1.10. ಸ್ಯಾನ್ ಹೊಸೆಯಲ್ಲಿ ಕೌಂಟಿಗೆ 1.10, ಊರಿಗೆ ಬೇರೆ 3.30. 15 ಲಕ್ಷ ಡಾಲರಿನ ಮನೆಗೆ ಕುಪರ್ಟಿನೋದಲ್ಲಿ 1,650 ಡಾಲರ್ ಆದರೆ ಸ್ಯಾನ್ ಹೊಸೆಯಲ್ಲಿ 6,600. ಊರಿನ ಪಾಲನ್ನು ಕೊಳ್ಳುವವರು, ಮಾರುವವರು ಅರ್ಧರ್ಧ ಹಂಚಿಕೊಳ್ಳುವುದು ರೂಢಿ. ಆ 3.30ರಲ್ಲಿ ದೊಡ್ಡ ಪಾಲು ಪಾರ್ಕುಗಳಿಗೆ, ಉಳಿದದ್ದರಲ್ಲಿ ಲೈಬ್ರರಿ, ಅಗ್ನಿಶಾಮಕ ಠಾಣೆ ಮುಂತಾದ ಕಾಮಗಾರಿಗೆ ಹೋಗುತ್ತದೆ. ಈ ತೆರಿಗೆ ನನಗೆ ಒಪ್ಪಿಗೆ: ಒಮ್ಮೆ ಕೊಟ್ಟರೆ ಮುಗಿಯಿತು, ಎಲ್ಲಿಗೆ ಹೋಯಿತು ಎಂದೂ ಗೊತ್ತಿರುತ್ತದೆ.

ಮೆಲ್ಲೋ-ರೂಸ್ ಹಾಗಲ್ಲ. ಅದಕ್ಕೆ ಮೂರನೇ ಎರಡರಷ್ಟು ಮತ ಬೇಕು ನಿಜ, ಆದರೆ ಆ ಜಾಗದಲ್ಲಿ 12 ಮಂದಿ ನೋಂದಾಯಿತ ಮತದಾರರೂ ಇಲ್ಲದಿದ್ದರೆ ಮತ ಜಮೀನಿನ ಒಡೆಯರದ್ದು, ಎಕರೆಗೊಂದು. ಅಂದರೆ ಖಾಲಿ ಹೊಲವಿದ್ದಾಗಲೇ ಬಿಲ್ಡರ್ 'ಆಗಲಿ' ಎಂದಿರುತ್ತಾನೆ, ಕಟ್ಟುವವರು ಆಮೇಲೆ ಬರುತ್ತಾರೆ. ಈ ಪದ್ಧತಿಯ ದೊಡ್ಡ ದೋಷ ಇದೇ.

ಕೊಳ್ಳುವ ಮುಂಚೆ ಮೆಲ್ಲೋ-ರೂಸ್ ಲೆಕ್ಕ ಹಾಕುವ ಬಗೆಯನ್ನು ಹೇಳುವ 'ರೇಟ್ ಅಂಡ್ ಮೆಥಡ್' ದಾಖಲೆ ತರಿಸಿಕೊಳ್ಳಿ. ಬಿಲ್ಲಿನಲ್ಲಿ ಕಾಣುವುದು ಈ ವರ್ಷದ ಮೊತ್ತ, ಗರಿಷ್ಠ ಮೊತ್ತ ಇರುವುದು ಆ ದಾಖಲೆಯಲ್ಲಿ. ವಾಸದ ಮನೆಗೆ ಕಾಮಗಾರಿಯ ತೆರಿಗೆ ವರ್ಷಕ್ಕೆ 2% ಮೀರಿ ಏರುವಂತಿಲ್ಲ, ಕೊನೆಯ ವರ್ಷವನ್ನೂ ಬರೆದಿರಲೇಬೇಕು. ನಿರ್ವಹಣೆ, ಪೊಲೀಸ್ ಮುಂತಾದ 'ಸರ್ವಿಸ್' ತೆರಿಗೆಗೆ ಈ ಎರಡೂ ಕಡಿವಾಣ ಇಲ್ಲ; ಅದು ಕೊನೆಯಿಲ್ಲದೆ ನಡೆಯಬಹುದು. ಮುಂಗಡ ಕಟ್ಟಿ ಮುಗಿಸುವ ಸೂತ್ರ ಇದೆಯೇ ಎಂದೂ ನೋಡಿ.

ತುಂಬಾ ಜನ ಎಡವುವುದು ಇನ್ನೊಂದು ಕಡೆ. ಮನೆಯ ಬೆಲೆ ಬಿತ್ತೆಂದು ಮೌಲ್ಯ ಇಳಿಸಿಕೊಂಡರೂ ಮೆಲ್ಲೋ-ರೂಸ್ ಇಳಿಯುವುದಿಲ್ಲ, ಇದರ ಲೆಕ್ಕ ಬೆಲೆಯ ಮೇಲಲ್ಲ. ಮಾಮೂಲಿ ತೆರಿಗೆಯಲ್ಲಿ 5 ವರ್ಷ ಕಾಯುತ್ತಾರೆ; ಇದರ ಬಾಕಿ ಉಳಿಸಿದರೆ ಅಷ್ಟು ಕಾಯದೆ ಮನೆ ಮಾರಿಸಲು ಕೋರ್ಟಿಗೆ ಹೋಗುವ ಅಧಿಕಾರವೂ ತೆರಿಗೆ ಹಾಕಿದ ಸಂಸ್ಥೆಗಿದೆ.

ಕೊನೆಯ ವರ್ಷ ಹತ್ತಿರವಿದ್ದು, ಪಾರ್ಕು, ರಸ್ತೆ ಕಣ್ಣಮುಂದಿದ್ದರೆ ಧೈರ್ಯವಾಗಿ ಕೊಳ್ಳಬಹುದು. ಇನ್ನೂ 30 ವರ್ಷ ಬಾಕಿಯಿದ್ದು ಸರ್ವಿಸ್ ತೆರಿಗೆಯೂ ಸೇರಿದ್ದರೆ ಅಷ್ಟನ್ನು ಮನೆ ಬೆಲೆಯಲ್ಲೇ ಚೌಕಾಸಿ ಮಾಡಿ ಇಳಿಸಿ. ಮೆಲ್ಲೋ-ರೂಸ್ ಇದೆ ಎಂದು ತಿಳಿಸುವ 'ಸ್ಪೆಷಲ್ ಟ್ಯಾಕ್ಸ್' ನೋಟಿಸು ಆಫರ್ ಕೊಟ್ಟ ಮೇಲೆ ಕೈಗೆ ಬಂದರೆ 3 ದಿನ, ಅಂಚೆಯಲ್ಲಿ ಹಾಕಿದ್ದರೆ 5 ದಿನದೊಳಗೆ ಬರೆದುಕೊಟ್ಟು ಹಿಂದೆ ಸರಿಯಬಹುದು.