ಬಾಟು ಗುಹೆಗೆ ಎರಡು ಸಲ: ಟೂರ್ ಪ್ಯಾಕೇಜಾ, ನಾವೇ ಪ್ಲಾನ್ ಮಾಡೋದಾ?

ಅಪ್ಪ, ಅಮ್ಮ, ನಾನು ಮಲೇಷ್ಯಾ-ಸಿಂಗಾಪುರಕ್ಕೆ ಎರಡು ಸಲ ಹೋಗಿ ಬಂದೆವು. 2024ರಲ್ಲಿ ಬೆಂಗಳೂರಿನ ಒಂದು ಟೂರ್ ಕಂಪನಿ ಜೊತೆ. 2025ರಲ್ಲಿ ಟಿಕೆಟ್, ರೂಮು ಎಲ್ಲ ನಾವೇ ಬುಕ್ ಮಾಡಿಕೊಂಡು. ಅದೇ ಊರುಗಳನ್ನು ಎರಡು ರೀತಿಯಲ್ಲಿ ನೋಡಿದ್ದರಿಂದ, ಮೊದಲ ಸಲ ಹೊರದೇಶಕ್ಕೆ ಹೊರಟವರಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ಅಮ್ಮ ವಿಮಾನ ಹತ್ತೋಕೆ ಒಪ್ಪಿದ್ದೇ ಕ್ವಾಲಾಲಂಪುರದ ಹತ್ತಿರದ ಬಾಟು ಗುಹೆಯ ಸುಬ್ರಹ್ಮಣ್ಯನಿಗಾಗಿ. ಗುಹೆಗೆ 272 ಮೆಟ್ಟಿಲು. ಟೂರ್‌ನವರು ಕೊಟ್ಟಿದ್ದು 45 ನಿಮಿಷ. ಅಮ್ಮ ಅರ್ಧ ಹತ್ತಿ, ಕೆಳಗೆ ನಿಂತಿದ್ದ ಬಸ್ಸು ನೋಡಿ, ಎಲ್ಲರನ್ನೂ ಕಾಯಿಸೋದು ಬೇಡ ಅಂತ ಇಳಿದುಬಿಟ್ಟರು. ಅಲ್ಲಿಂದ ಸೀದಾ ಚಾಕೊಲೇಟ್ ಅಂಗಡಿ. ಅಲ್ಲಿ ಮಾತ್ರ ಪೂರ್ತಿ ಒಂದು ಗಂಟೆ! ಆ ಬೇಜಾರು ನನಗೆ ಇನ್ನೂ ಹೋಗಿಲ್ಲ.

ಮರುವರ್ಷ ಬೆಳಿಗ್ಗೆ ಬೇಗ ಕ್ವಾಲಾಲಂಪುರದ (ಕೆಎಲ್) ದೊಡ್ಡ ರೈಲು ನಿಲ್ದಾಣ ಕೆಎಲ್ ಸೆಂಟ್ರಲ್‌ನಿಂದ ಕೊಮ್ಯೂಟರ್ ರೈಲು ಹಿಡಿದೆವು. ಗುಹೆಯ ಪಕ್ಕದಲ್ಲೇ ಸ್ಟೇಷನ್ ಇದೆ. ಬಿಸಿಲೇರುವ ಮುಂಚೆ, ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಂತು, ನೀರು ಕುಡಿದು, ಅಮ್ಮ ಮೇಲೆ ಹತ್ತಿದರು. ಕೈ ಮುಗಿದು ಎಷ್ಟೋ ಹೊತ್ತು ನಿಂತಿದ್ದರು. ಯಾರೂ ಸೀಟಿ ಊದಲಿಲ್ಲ.

ಇಷ್ಟಕ್ಕೇ ಟೂರ್ ಬೇಡ ಅಂದುಕೊಳ್ಳಬೇಡಿ. ಮೊದಲ ಪ್ರವಾಸದಲ್ಲಿ, ಸಿಂಗಾಪುರದ ಎರಡನೇ ರಾತ್ರಿ ಅಪ್ಪನಿಗೆ ಹೊಟ್ಟೆ ಕೆಟ್ಟು ವಾಂತಿ ಶುರುವಾಯಿತು. ಗಂಟೆ ಹನ್ನೊಂದಾಗಿತ್ತು. ಟೂರ್ ಮ್ಯಾನೇಜರ್ ಹತ್ತೇ ನಿಮಿಷದಲ್ಲಿ ಟ್ಯಾಕ್ಸಿ ತರಿಸಿ, ರಾತ್ರಿ ತೆರೆದಿರುವ ಕ್ಲಿನಿಕ್‌ಗೆ ಕರೆದುಕೊಂಡು ಹೋದರು. ಇನ್ಶೂರೆನ್ಸ್‌ನವರ ಹತ್ತಿರವೂ ಅವರೇ ಮಾತಾಡಿದರು. ಆ ರಾತ್ರಿ ನಾನೊಬ್ಬಳೇ ಆಗಿದ್ದರೆ ಕೈಕಾಲು ಆಡುತ್ತಿರಲಿಲ್ಲ. ಟೂರ್‌ಗೆ ಕೊಡುವ ದುಡ್ಡಿಗೆ ನಿಜವಾಗಿ ಸಿಗುವುದು ಈ ಆಸರೆ. ಜಾಗ ತೋರಿಸೋದು ಆಮೇಲಿನ ಮಾತು.

ಕಾಗದಪತ್ರ ನಾವಂದುಕೊಂಡಷ್ಟು ಕಷ್ಟ ಇಲ್ಲ. ಮಲೇಷ್ಯಾ 2023ರ ಡಿಸೆಂಬರ್‌ನಿಂದ ಭಾರತೀಯರಿಗೆ 30 ದಿನದವರೆಗೆ ವೀಸಾ ಕೇಳುತ್ತಿರಲಿಲ್ಲ. ಸಿಂಗಾಪುರಕ್ಕೆ ವೀಸಾ ಬೇಕು. ಅಲ್ಲಿ ನಮ್ಮವರು ಯಾರೂ ಇಲ್ಲದ್ದರಿಂದ ಅಧಿಕೃತ ಏಜೆಂಟರ ಮೂಲಕವೇ ಅರ್ಜಿ ಹಾಕಿದೆವು. ಎರಡೂ ದೇಶಕ್ಕೆ ಹೋಗುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಅರೈವಲ್ ಕಾರ್ಡ್ (ನಾವು ಬರುವ ವಿವರ ಕೊಡುವ ಫಾರಂ) ತುಂಬಬೇಕು. ಅದು ಪೂರ್ತಿ ಉಚಿತ. ಹುಡುಕಿದಾಗ ಮೇಲೆ ಬಂದ ಒಂದು ವೆಬ್‌ಸೈಟ್ ನನ್ನ ಹತ್ತಿರ ದುಡ್ಡು ಕೇಳಿತು. ದಯವಿಟ್ಟು ಸರ್ಕಾರದ ವೆಬ್‌ಸೈಟ್‌ನಲ್ಲೇ ತುಂಬಿ. ಇನ್ನೊಂದು, ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ಹೊರದೇಶದ ಬಳಕೆಯನ್ನು ಇಲ್ಲಿಂದಲೇ ಆನ್ ಮಾಡಿಕೊಂಡು ಹೋಗಿ. ಸಿಂಗಾಪುರದ ಮೆಟ್ರೋದಲ್ಲಿ ಟಿಕೆಟ್ ಕೊಳ್ಳದೆ ಆ ಕಾರ್ಡನ್ನೇ ತಾಗಿಸಿ ಓಡಾಡಿದೆವು.

ಊಟದಲ್ಲಿ ನಾವೇ ಹೋದದ್ದು ಗೆದ್ದಿತು. ಟೂರ್‌ನಲ್ಲಿ ದಿನಾ ರಾತ್ರಿ ನಾನ್, ಪನೀರ್. ಅಮ್ಮ ಮೂರನೇ ದಿನ ಬರೀ ಮೊಸರನ್ನ ಕೇಳಿದರು. ಎರಡನೇ ಸಲ ಸಿಂಗಾಪುರದ ಸೆರಂಗೂನ್ ರಸ್ತೆಯಲ್ಲಿ, 1947ರಿಂದ ನಡೆಯುತ್ತಿರುವ ಕೋಮಲ ವಿಲಾಸದಲ್ಲಿ ದೋಸೆ. ಕೆಎಲ್‌ನ ಬ್ರಿಕ್‌ಫೀಲ್ಡ್ಸ್‌ನಲ್ಲಿ ಬಾಳೆಎಲೆ ಊಟ.

ಖರ್ಚು ಟೂರ್‌ನಲ್ಲಿ ತಲೆಗೆ ಸುಮಾರು 1 ಲಕ್ಷ, ನಾವೇ ಹೋದಾಗ 78 ಸಾವಿರ. ಪ್ಯಾಕೇಜಿನ ಬಿಲ್ಲಿಗೆ ಟಿಸಿಎಸ್ (ಟೂರ್‌ನವರು ಮೊದಲೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಬೇರೆ ಸೇರುತ್ತದೆ. ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು, ರಸೀದಿ ಇಟ್ಟುಕೊಳ್ಳಿ.

ಎರಡರ ನಡುವೆ ಇನ್ನೊಂದು ದಾರಿ ಇದೆ. ನನಗೆ ಜಾಸ್ತಿ ಹಿಡಿಸಿದ್ದು ಅದೇ. ಎರಡನೇ ಪ್ರವಾಸದಲ್ಲಿ ಸಿಂಗಾಪುರದ ಲಿಟಲ್ ಇಂಡಿಯಾಕ್ಕೆ ಮಾತ್ರ ಅರ್ಧ ದಿನ ಒಬ್ಬ ಗೈಡ್ ಜೊತೆ ನಡೆದೆವು. ಅಲ್ಲಿ ಬಫೆಲೋ ರೋಡ್ ಅಂತ ಒಂದು ರಸ್ತೆ. ಹಿಂದೆ ಆ ಭಾಗದಲ್ಲಿ ದನ, ಎಮ್ಮೆಗಳ ವ್ಯಾಪಾರ ಜೋರಾಗಿತ್ತಂತೆ, ಕೊಟ್ಟಿಗೆಗಳಿದ್ದವಂತೆ. ಪಕ್ಕದ ಕೆರ್ಬಾವ್ ರಸ್ತೆಯ ಹೆಸರಿಗೂ ಮಲಯ್ ಭಾಷೆಯಲ್ಲಿ ಎಮ್ಮೆ ಅಂತಲೇ ಅರ್ಥ. ಗೈಡ್ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಅಮ್ಮ ತಮ್ಮ ಅಜ್ಜಿ ಮನೆಯ ಕೊಟ್ಟಿಗೆ ನೆನಪು ಮಾಡಿಕೊಂಡರು. ಹಿಂದಿನ ವರ್ಷ ಅದೇ ಬೀದಿಯಲ್ಲಿ ಬಸ್ಸಿನ ಕಿಟಕಿಯಿಂದ ಇಣುಕಿ ಹೋಗಿದ್ದೆವು. ಮ್ಯಾನೇಜರ್ ಮೈಕ್‌ನಲ್ಲಿ ಹಿಂದಿಯಲ್ಲಿ ಹೇಳಿದ್ದು ಅಮ್ಮನಿಗೆ ಒಂದಕ್ಷರ ಅರ್ಥ ಆಗಿರಲಿಲ್ಲ.

ಹಾಗಾಗಿ ವಯಸ್ಸಾದವರಷ್ಟೇ ಹೊರಡುವುದಾದರೆ ಟೂರ್‌ನಲ್ಲೇ ಹೋಗಲಿ. ಆದರೆ ಮುಂಗಡ ಕೊಡುವ ಮುಂಚೆ ಕನ್ನಡ ಬಲ್ಲ ಮ್ಯಾನೇಜರ್ ಬರುತ್ತಾರಾ ಅಂತ ಕೇಳಿ. ಒಂದೊಂದು ಜಾಗದಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಾರೆ, ಎಷ್ಟು ಅಂಗಡಿಗೆ ಕರೆದೊಯ್ಯುತ್ತಾರೆ ಅಂತ ಬರೆಸಿಕೊಳ್ಳಿ. ಜೊತೆಗೆ ಫೋನ್‌ನಲ್ಲಿ ಮ್ಯಾಪ್ ನೋಡಬಲ್ಲವರು ಒಬ್ಬರಿದ್ದರೆ ಟಿಕೆಟ್, ರೂಮು ನೀವೇ ಮಾಡಿ, ಬೇಕಾದ ದಿನಕ್ಕಷ್ಟೇ ಗೈಡ್ ತೆಗೆದುಕೊಳ್ಳಿ. ಇನ್ಶೂರೆನ್ಸ್ ಮಾತ್ರ ಬಿಡಬೇಡಿ.

ನಮ್ಮ ಮುಂದಿನ ಪ್ರವಾಸ ಶ್ರೀಲಂಕಾಕ್ಕೆ, ಇದೇ ನಡುವಿನ ದಾರಿಯಲ್ಲಿ. ಕ್ಯಾಂಡಿಯಲ್ಲಿ ಒಂದು ದಿನ ಗೈಡ್, ಮಿಕ್ಕಿದ್ದು ನಾವೇ. ಅಪ್ಪನ ಪಾಸ್‌ಪೋರ್ಟ್‌ನಲ್ಲಿ ಇನ್ನು ಐದೇ ತಿಂಗಳ ಅವಧಿ ಉಳಿದಿದೆ, ಆರು ತಿಂಗಳಾದರೂ ಬೇಕು. ಅದನ್ನು ನವೀಕರಿಸೋಕೆ ಬರುವ ಬುಧವಾರ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗುತ್ತಿದ್ದೇವೆ.